ಮೈತ್ರಿಯ ಸೋಫಾ

ವೇದಿಕೆಗೆ ಶಾಮಿಯಾನ, ಕುರ್ಚಿ ಒದಗಿಸುವುದು ನನ್ನ ಕಸುಬು. ಅದರಲ್ಲೊಂದು ಕಟ್ಟುನಿಟ್ಟಿನ ಪದ್ಧತಿಯಿದೆ. ಮುಖ್ಯಮಂತ್ರಿಯಮ್ಮನೂ ಕೇಂದ್ರದ ಮಂತ್ರಿಯಮ್ಮನೂ ಒಂದೇ ಬಣದಲ್ಲಿದ್ದರೆ ಸೋಫಾ. ಇಲ್ಲದಿದ್ದರೆ ಎರಡು ಕುರ್ಚಿ, ನಡುವೆ ಹೂಕುಂಡ. ಜಗಳ ದೊಡ್ಡದಾದಷ್ಟೂ ಹೂಕುಂಡವೂ ದೊಡ್ಡದು.

ಮಗಳನ್ನು ಹೊಳೆಯಾಚೆಗೆ ಕೊಟ್ಟಿದ್ದೆ. ಹೊಳೆ ತುಂಬಿದರೆ ದೋಣಿ ಬಂದ್, ಮಗಳ ಮುಖವೂ ಕಾಣದು. ಈಗವಳು ಬಸುರಿ ಬೇರೆ. ಸೇತುವೆ ಕೇಳಿದರೆ ರಾಜ್ಯ ಜಾಗ ಕೊಟ್ಟಿಲ್ಲವೆಂದು ಅವರು, ಕೇಂದ್ರ ಒಪ್ಪಿಲ್ಲವೆಂದು ಇವರು. ಕೇಳಿ ಕೇಳಿ ಸಾಕಾಗಿಹೋಗಿತ್ತು. ಹಾಗಾಗಿ ಇಬ್ಬರೂ ಮೈತ್ರಿ ಮಾಡಿಕೊಂಡು ನಮ್ಮೂರ ಆಸ್ಪತ್ರೆಯ ಉದ್ಘಾಟನೆಗೆ ಬರುತ್ತಾರೆಂದಾಗ ಕುಣಿಯುವಷ್ಟು ಖುಷಿಯಾಗಿ ಹಿಂದಿನ ದಿನವೇ ಸೋಫಾ ಹಾಕಿಸಿದೆ.

ಮಾರನೆಯ ಬೆಳಗ್ಗೆ ಮೈತ್ರಿ ಮುರಿಯಿತು. ಆದರೂ ಉದ್ಘಾಟನೆ ಬಿಟ್ಟುಕೊಡಲು ಇಬ್ಬರೂ ತಯಾರಿರಲಿಲ್ಲ. ವೇದಿಕೆಯಡಿ ಹಲಗೆ ಬಿಗಿಯುತ್ತಿದ್ದ ನನಗೆ ಯಾರೂ ಹೇಳಲಿಲ್ಲ. ಭಾವಮೈದ ಓಡಿಬಂದು ಹೇಳುವಷ್ಟರಲ್ಲಿ ಇಬ್ಬರೂ ಸೋಫಾದ ಎರಡು ತುದಿಯಲ್ಲಿ ಕೂತಾಗಿತ್ತು. ನಡುವಿನ ಸ್ಪ್ರಿಂಗ್ ಸತ್ತು ಯಾವ ಕಾಲವಾಗಿತ್ತೋ. ಇಬ್ಬರೂ ಮೈಕೈ ತುಂಬಿಕೊಂಡವರು, ಮೆಲ್ಲಗೆ ನಡುವಿಗೆ ಜಾರಿದರು.

"ಸ್ವಲ್ಪ ಆ ಕಡೆ ಸರೀರಿ," ಎಂದರು ಮುಖ್ಯಮಂತ್ರಿಯಮ್ಮ.

"ನೀವೇ ಸರೀರಿ. ಮೊದಲು ಕೂತಿದ್ದು ನಾನು."

ಮೊದಲು ಎದ್ದವರ ಪಕ್ಷ ಸೋತಂತೆ. ಯಾರು ಏಳುತ್ತಾರೆ? ಕೆಳಗೆ ಜನ "ಸೇತುವೆ, ಸೇತುವೆ" ಎಂದು ಕೂಗುತ್ತಿದ್ದರು. ರಿಬ್ಬನ್ ಕತ್ತರಿಸಲು ಕರೆದಾಗ ನೋಡಿದರೆ, ಒಬ್ಬರಿಗೂ ಏಳಲು ಆಗುತ್ತಿಲ್ಲ. ಕೊನೆಗೆ ಕೈಗೆ ಕೈ ಕೊಟ್ಟು, ಒಬ್ಬರನ್ನೊಬ್ಬರು ಎಳೆದು ಎದ್ದು ನಿಂತರು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಫೋಟೋದವನು ಸುಮ್ಮನಿರುತ್ತಾನೆಯೇ?

ಆ ಫೋಟೋ ಪತ್ರಿಕೆಯಲ್ಲಿ ಬಂದಿದ್ದೇ ತಡ, ಮೈತ್ರಿ ಮುರಿದ ದಿನವೇ ಕೈ ಹಿಡಿದದ್ದೇಕೆಂದು ಎರಡೂ ಪಕ್ಷದ ಹಿರಿಯರು ಮೇಲೆ ಬಿದ್ದರು. ಸೋಫಾದಿಂದ ಏಳಲಾಗಲಿಲ್ಲ ಎಂದು ಯಾರು ತಾನೇ ಬಾಯಿ ಬಿಟ್ಟಾರು?

"ಸೇತುವೆ ವಿಷಯ ಮಾತಾಡಿದ್ವಿ," ಎಂದರು ಮುಖ್ಯಮಂತ್ರಿಯಮ್ಮ.

"ಸೇತುವೆಗೇ ಕೈ ಕೊಟ್ಟಿದ್ದು, ಇನ್ನೇನಕ್ಕೆ?" ಎಂದರು ಕೇಂದ್ರದ ಮಂತ್ರಿಯಮ್ಮ.

ಆಡಿದ ಮೇಲೆ ಮುಗಿಯಿತು. ಇವರು ಜಾಗ ಕೊಟ್ಟರು, ಅವರು ಒಪ್ಪಿಗೆ ಕೊಟ್ಟರು. ಆಮೇಲೂ ಬೈದಾಡಿಕೊಂಡೇ ಇದ್ದರು, ಸೇತುವೆ ಮಾತ್ರ ಏಳುತ್ತಲೇ ಇತ್ತು.

ಸೇತುವೆ ಮುಗಿದ ದಿನ ಮೊಮ್ಮಗಳು ಅಮ್ಮನ ಬೆರಳು ಹಿಡಿದು ನಡೆದೇ ಬಂದಳು. ನನ್ನ ಕಣ್ಣು ತುಂಬಿಬಂತು. ಮನೆಗೆ ಬಂದವಳೇ ಆ ಸೋಫಾ ಹತ್ತಿ, ನಡುವಿಗೆ ಜಾರಿ ಕಿಲಕಿಲ ನಕ್ಕಳು.

"ಇನ್ನಾದ್ರೂ ಆ ಸ್ಪ್ರಿಂಗ್ ಸರಿ ಮಾಡ್ಸಿ," ಎಂದಳು ನನ್ನವಳು.

"ಸುಮ್ನಿರೇ, ಅದನ್ನ ಮುಟ್ಟಬೇಡ. ಆಚೆ ದಡಕ್ಕೆ ಇನ್ನೂ ಹೈಸ್ಕೂಲ್ ಆಗ್ಬೇಕು."