ಗಾಳೆಪ್ಪನಂಗ ಕಂಡ್ನರಿ

ಸಾಕ್ಷಿ ಹೇಳಿಕೆಯ ನಕಲಿನ ಎರಡನೆಯ ಪುಟದಲ್ಲಿ ನಂದಿನಿಯ ಬೆರಳು ನಿಂತಿತು. ‘ನಾನು ಗಾಳೆಪ್ಪನನ್ನು ಕಂಡೆನು.’ ಈ ಒಂದು ಸಾಲಿಗೆ ಅವಳ ಅಣ್ಣ ಗಾಳೆಪ್ಪನಿಗೆ ಏಳು ವರ್ಷ ಜೈಲು.

ಜವಳಗೇರಾದ ಕಾಲುವೆ ಮೇಲೆ, ನೀರು ಬಿಡುವ ಗ್ಯಾನಪ್ಪನ ತಲೆಯನ್ನು ಯಾರೋ ಹಿಂದಿನಿಂದ ಬಂದು ಒಡೆದಿದ್ದರು. ಅವನ ಜೀವ ಉಳಿಯಿತು, ಆದರೆ ಹೊಡೆದವನನ್ನು ಅವನು ನೋಡಿರಲಿಲ್ಲ. ಎರಡು ದಿನದ ಹಿಂದೆ ನೀರಿಗಾಗಿ ಅವನ ಜೊತೆ ಜಗಳಾಡಿದ್ದವನು ಗಾಳೆಪ್ಪ. ಪೊಲೀಸರಿಗೆ ಅಷ್ಟು ಸಾಕಾಯಿತು. ನಾಟಿಗೆ ಬಂದಿದ್ದ ಸಾಲಗುಂದದ ಮುದುಕಿ ಬಸವಣ್ಣೆಮ್ಮ ಮಂಜಿನಲ್ಲಿ, ದೂರದ ಬದುವಿನಿಂದ, ತಲೆಗೆ ಟವೆಲ್ ಸುತ್ತಿಕೊಂಡು ಓಡುವವನೊಬ್ಬನನ್ನು ನೋಡಿದ್ದಳು. ಅವಳನ್ನು ಠಾಣೆಗೆ ಕರೆಸಿ, ಬೆಂಚಿನ ಮೇಲೆ ಗಾಳೆಪ್ಪನೊಬ್ಬನನ್ನೇ ಕೂರಿಸಿ, ಇವನೇ ಹೌದಲ್ಲ ಎಂದು ಕೇಳಿದರು. ಹತ್ತು ಜನರ ನಡುವೆ ನಿಲ್ಲಿಸಿ ಗುರುತಿಸು ಅನ್ನಬೇಕಾದ ಕಾಯ್ದೆ ಬಡವರ ಪಾಲಿಗೆ ರಜೆಯಲ್ಲಿತ್ತು.

ನಂದಿನಿ ಸಿಂಧನೂರಿನಲ್ಲಿ ಕನ್ನಡ ಮೇಡಂ. ಆ ಸಾಲಿನ ಕನ್ನಡ ಬಸವಣ್ಣೆಮ್ಮನದಲ್ಲ ಎಂದು ಅವಳಿಗೆ ಅನ್ನಿಸಿತು. ಸಾಲಗುಂದಕ್ಕೆ ಹೋಗಿ ಓದಿ ಕೇಳಿಸಿದಳು.

“ಹಂಗ ಯಾವಾಗ ಅಂದೀನವ್ವ?” ಬಸವಣ್ಣೆಮ್ಮ ಹೌಹಾರಿದಳು. “ಗಾಳೆಪ್ಪನಂಗ ಕಂಡ್ನರಿ ಅಂದೆ. ಗಾಳೆಪ್ಪನ್ನ ಕಂಡೆ ಅಂದಿಲ್ಲ.”

ಅವನ ಹಾಗೆ ಕಂಡ ಎಂದದ್ದನ್ನು ಅವನನ್ನೇ ಕಂಡೆ ಎಂದು ಟೈಪು ಮಾಡಿದ್ದರು. ಬರೆಸಿದ ಕೆಳಗಿನ ಕೋರ್ಟಿನ ಜಡ್ಜರು ಬೇರೆ ಸೀಮೆಯವರು, ಗೊತ್ತಾಗಲಿಲ್ಲ ಅನ್ನೋಣ. ಈ ನೆಲದಲ್ಲೇ ಹುಟ್ಟಿದ ಸರ್ಕಾರಿ ವಕೀಲನಿಗೂ ಗೊತ್ತಾಗಲಿಲ್ಲವೇ? ಗಾಳೆಪ್ಪನ ಅಂದಿನ ವಕೀಲ ಕೋರ್ಟಿಗೇ ಬಂದಿರಲಿಲ್ಲ. ಬಂದ ಜೂನಿಯರ್ ‘ಪ್ರಶ್ನೆ ಇಲ್ಲ’ ಎಂದು ಕೂತಿದ್ದ. ಯಾರೂ ಓದಿ ಹೇಳದ ಹಾಳೆಗೆ ಮುದುಕಿ ಹೆಬ್ಬೆಟ್ಟು ಒತ್ತಿದ್ದಳು.

ಈಗ ಅಪೀಲು ನಡೆಸುತ್ತಿದ್ದವರು ಲಿಂಗಸುಗೂರಿನ ಗಂಗಾಧರ ವಕೀಲರು. ಮತ್ತೆ ಸಾಕ್ಷಿ ಕರೆಸಲು ಅರ್ಜಿ ಹಾಕಬಹುದು, ಆದರೆ ಮಾತು ಬದಲಿಸಿದಳೆಂದು ಅವಳ ಮೇಲೇ ಕೇಸಾದೀತು ಎಂದಿದ್ದರು. ನಂದಿನಿ ಅದನ್ನೂ ಮುಚ್ಚಿಡಲಿಲ್ಲ.

ಬಸವಣ್ಣೆಮ್ಮ ಸೊಂಟ ಹಿಡಿದುಕೊಂಡು ನೆಟ್ಟಗಾದಳು. “ಜೇಲಿಗೆ ಹಾಕಲಿ. ಅಲ್ಲಾರ ಕುಂತು ಉಣ್ತೀನಿ. ನಾಟಿ ಮಾಡಿ ಮಾಡಿ ನಡ ಬಿದ್ದೈತಿ.”

ಮೇಲಿನ ಕೋರ್ಟು ಅರ್ಜಿಯನ್ನು ಒಪ್ಪಿತು. ಕಟಕಟೆಯಲ್ಲಿ ನಿಂತು ಅವಳು ಅದೇ ಮಾತು ಹೇಳಿದಳು. ಇಲ್ಲಿನ ಸರ್ಕಾರಿ ವಕೀಲನೂ ಇದೇ ಸೀಮೆಯವನು. ಅವನು ಎದ್ದು, ಇದು ಹಳ್ಳಿ ಮಾತು, ಎರಡೂ ಒಂದೇ ಅರ್ಥ ಎಂದು ವಾದಿಸಿದ. ಬಸವಣ್ಣೆಮ್ಮ ಅವನತ್ತ ತಿರುಗಿದಳು.

“ನೀ ಮಸ್ಕಿಯಾಂವ ಅಲ್ಲೇನಪಾ? ನಿಮ್ಮಪ್ಪ ಹುಲಿಯಂಗ ಬಂದ ಅಂತ ನಿಮ್ಮವ್ವ ಅಂದ್ರ, ಹುಲಿ ಬಂತಂತ ಬಾಗಲಾ ಹಾಕ್ಕೊಂತಿದ್ದೇನು?”

ಕೋರ್ಟು ನಕ್ಕಿತು. ನಂದಿನಿಗೆ ನಗು ಬರಲಿಲ್ಲ. ಇಷ್ಟನ್ನು ಕೇಳಲು ಕೆಳಗಿನ ಕೋರ್ಟಿನಲ್ಲಿ ಒಬ್ಬನಿಗೂ ಬಾಯಿರಲಿಲ್ಲ. ಅದಕ್ಕೆ ಅಣ್ಣನ ಏಳರಲ್ಲಿ ಎರಡು ವರ್ಷ ಆಗಲೇ ಜೈಲಿನಲ್ಲಿ ಹೋಗಿದ್ದವು. ಜಡ್ಜರು ನಗಲಿಲ್ಲ. ಸಾಕ್ಷಿಯ ಮಾತನ್ನು ಅವಳ ಬಾಯಲ್ಲಿ ಬಂದಂತೆಯೇ ಬರೆಯಿರಿ ಎಂದರು, ಬರೆದದ್ದನ್ನು ಅವಳಿಗೆ ಓದಿ ಹೇಳಿಸಿದರು, ತೀರ್ಪನ್ನು ಇಪ್ಪತ್ತೊಂದು ದಿನ ಮುಂದಕ್ಕೆ ಹಾಕಿದರು.

ಪೊಲೀಸರು ಗಾಳೆಪ್ಪನನ್ನು ಮತ್ತೆ ವ್ಯಾನು ಹತ್ತಿಸಿದರು. ಇನ್ನೂ ಯಾಕೆ ಒಳಗಿರಬೇಕು ಎಂದು ನಂದಿನಿ ಕೇಳಿದಳು. ತೀರ್ಪು ಬರೋವರೆಗೆ ಹೀಗೇ, ಅದು ಪದ್ಧತಿ ಎಂದರು ಗಂಗಾಧರ.

ಅವಳು ಕೋರ್ಟಿನ ಮೆಟ್ಟಿಲ ಮೇಲೆ ಕೂತುಬಿಟ್ಟಳು.

“ಹಂಗಾರ ಜಾಮೀನಿನ ಅರ್ಜಿ ಇವತ್ತ ಬರೀರಿ ಸರ್. ಬರಿಯೋತನಕ ನಾ ಇಲ್ಲಿಂದ ಏಳಂಗಿಲ್ಲ.”