ಬ್ಯಾರನ್ನಿನಲ್ಲಿ ಬೆಂದ ಬಾಗಿಲುಗಳು

ಆ ಕಾರು ಹೊಸ ಅಗ್ರಹಾರದ ನೀಲಾಂಬಿಕಮ್ಮನವರ ಕೋಳಿಗೂಡಾಗಿತ್ತು.

ಸಿದ್ದಾರ್ಥ ಅದನ್ನು ಕೊಳ್ಳಲು ಹೋದಾಗ ನಾನೂ ಜೊತೆಗಿದ್ದೆ. ನಮ್ಮಿಬ್ಬರ ಮದುವೆಯಾದ ಹೊಸತು. ಹಿತ್ತಿಲಿನ ನುಗ್ಗೆಮರದ ಕೆಳಗೆ ಐವತ್ತೆಂಟನೇ ಇಸವಿಯ ಫಿಯೆಟ್ ನಿಂತಿತ್ತು. ಅದರ ಮುಂದಿನ ಬಾಗಿಲುಗಳು ಈಗಿನ ಕಾರುಗಳಿಗೆ ತಿರುಗುಮುರುಗಾಗಿ ತೆರೆಯುತ್ತವೆ. ಅವನು ಒಂದನ್ನು ಎಳೆದ ಕೂಡಲೇ ಕೋಳಿಗಳು ಬಸ್ಸಿನಿಂದ ಇಳಿಯುವವರ ಹಾಗೆ ಒಂದೊಂದಾಗಿ ಇಳಿದು ಹೋದವು.

"ಎಂಜಿನ್ ಐತಾ ಅಮ್ಮ?" ಎಂದು ಕೇಳಿದ.

"ಎಂಜಿನ್ ಇಸ್ಯ ನಂಗೊತ್ತಿಲ್ಲ ಕಣಪ್ಪ. ಮಳೆ ಸೋರಕಿಲ್ಲ. ಗಾಜು ಏರಿಸ್ಬುಟ್ರೆ ಮುಂಗುಸಿ ನುಗ್ಗಕಿಲ್ಲ. ಇಂಥ ಗೂಡು ಈಗ ಯಾರು ಮಾಡ್ತಾರೆ ಯೋಳು?"

ಅವನು ಕಾರಿನ ತಗಡು ತುಕ್ಕು ಹಿಡಿದಿದೆ ಎಂದ. ಕೋಳಿಗಳಿಗೆ ತುಕ್ಕಿನಿಂದ ತೊಂದರೆಯಿಲ್ಲ ಎಂದರು ಅವರು. ಇಬ್ಬರೂ ಚೌಕಾಸಿ ಮಾಡುತ್ತಿದ್ದುದು ಎರಡು ಬೇರೆ ಬೇರೆ ವಸ್ತುಗಳಿಗೆ ಎಂದು ನನಗೆ ಅನಿಸಿತು. ಕೊನೆಗೆ, ಮುಂಗುಸಿ ನುಗ್ಗದಂಥ ಹೊಸ ಗೂಡು ಕಟ್ಟಿಕೊಟ್ಟ ಮೇಲೆಯೇ ಕಾರು ಹಿತ್ತಿಲು ದಾಟಬೇಕು ಎಂದಾಯಿತು. ಸಿದ್ದಾರ್ಥ ಕಟ್ಟಿದ. ಕೋಳಿಗಳೆಲ್ಲ ಹೊಸ ಮನೆಗೆ ಹೋದವು, ಒಂದು ಕೆಂಪು ಹೇಂಟೆ ಮಾತ್ರ ಹಿಂದಿನ ಸೀಟು ಬಿಟ್ಟು ಏಳಲಿಲ್ಲ.

"ಅದು ಇಳಿಯಾಕಿಲ್ಲ ಬುಡು, ತಕೊಂಡೋಗು" ಎಂದರು ನೀಲಾಂಬಿಕಮ್ಮ. ಹಾಗೆ ಕಾರಿನ ಜೊತೆ ಕೆಂಪಿಯೂ ಹುಣಸೂರಿನ ಹತ್ತಿರದ ನಮ್ಮ ಊರಿಗೆ ಬಂತು.

ಎಂಜಿನ್ನನ್ನು ಸಿದ್ದಾರ್ಥ ತಾನೇ ಬಿಚ್ಚಿ ಜೋಡಿಸಿದ. ಕಾರಿನ ಮೈಗೆ ಮೈಸೂರಿನಲ್ಲಿ ಕೆನೆ ಬಣ್ಣ ಹೊಡೆಸಿ ತಂದ. ಬಾಗಿಲುಗಳು, ಬಾನೆಟ್ಟು, ಡಿಕ್ಕಿಯ ಮುಚ್ಚಳ ಉಳಿದಿದ್ದವು. ಅವಕ್ಕೂ ಬಣ್ಣದ ಡಬ್ಬಿ ತಂದಿಟ್ಟಿದ್ದ. ಅಷ್ಟರಲ್ಲಿ ಅವನು ತೀರಿಹೋದ.

ಟಾರ್ಪಾಲು ಹೊದಿಸಿದ್ದು ನಾನು. ಹೊಗೆಸೊಪ್ಪಿನ ಕಾಲ ಎರಡು ಸಲ ಬಂದು ಹೋಯಿತು. ಅಡುಗೆಮನೆಯ ಕಿಟಕಿಯಿಂದ ಟಾರ್ಪಾಲು ಕಾಣುತ್ತಿತ್ತು. ನಾನು ಪಾತ್ರೆ ತೊಳೆಯುತ್ತಿದ್ದೆ.

ಈ ಸಲದ ಬೇಸಿಗೆ ಶುರುವಿನಲ್ಲಿ ಅವನ ಫೋನಿಗೆ ಒಂದು ಸಂದೇಶ ಬಂತು. ಆ ಫೋನನ್ನು ನಾನು ಇನ್ನೂ ಚಾರ್ಜು ಮಾಡುತ್ತಿದ್ದೆ. ಹಳೆಯ ಕಾರುಗಳ ರ್ಯಾಲಿ, ಭಾನುವಾರ ಹುಣಸೂರಿನಿಂದ ಕೋಟೆ ಊರು ದಾಟಿ ಸರಗೂರಿಗೆ. "ಸಿದ್ದಾರ್ಥ ಅವರೇ, ಪ್ರತಿ ಸಲ ಮುಂದಿನ ವರ್ಷ ಅಂತಿದ್ದಿರಿ. ಈ ಸಲ ನಿಮ್ಮ ಫಿಯೆಟ್ ಬರುತ್ತದೆಯೇ?"

"ಬರುತ್ತದೆ" ಎಂದು ಒತ್ತಿಬಿಟ್ಟೆ.

ಯಾಕೆ ಎಂದು ನನ್ನ ನಾದಿನಿ ಸುಧಾ ಆಮೇಲೆ ಕೇಳಿದಳು. ಗೊತ್ತಿಲ್ಲ ಎಂದೆ. ಆದರೆ ಒತ್ತಿದ ಮೇಲೆ ಅದೊಂದೇ ಬೇಕು ಅನಿಸತೊಡಗಿತು. ಆ ಕಾರು ಆ ಸಾಲಿನಲ್ಲಿ ಹೋಗಬೇಕು, ನಾನೇ ಓಡಿಸಬೇಕು. ಎಷ್ಟೋ ದಿನಗಳಿಂದ ನನಗೆ ಏನೂ ಬೇಕಾಗಿರಲಿಲ್ಲ.

"ಅಪ್ಪೋ, ಅತ್ತಿಗೆ ಗಾಡಿ ಓಡಿಸ್ತಾಳಂತೆ!" ಎಂದು ಸುಧಾ ಜಗಲಿಯಿಂದಲೇ ಕೂಗಿದಳು.

ಮಾವ ಪುಟ್ಟಸ್ವಾಮಿಯವರು ಎಲೆಯಡಿಕೆ ಉಗಿದು ಬಂದು ಟಾರ್ಪಾಲು ಎಳೆದರು. ಒಳಗೆ ಹಿಂದಿನ ಸೀಟಿನಲ್ಲಿ ಕೆಂಪಿ ಕೂತಿತ್ತು. ನಮ್ಮನ್ನು ನೋಡಿ ರೇಗಿತು.

ಬುಧವಾರ ನಾನೂ ಸುಧಾಳೂ ಸೇರಿ ಬಾಗಿಲು, ಬಾನೆಟ್ಟು, ಮುಚ್ಚಳಗಳಿಗೆ ಬಣ್ಣ ಸಿಂಪಡಿಸಿದೆವು. ಸಂಜೆಯಾದರೂ ಅದು ಒಣಗಲಿಲ್ಲ. ಒಂದು ಬಾಗಿಲಿನ ಮೇಲೆ ಸೊಳ್ಳೆ ಅಂಟಿಕೊಂಡಿತು, ಇನ್ನೊಂದರ ಮೇಲೆ ಸುಧಾಳ ದುಪಟ್ಟ. ಆಗ ಡಬ್ಬಿಯನ್ನು ತಿರುಗಿಸಿ ಓದಿದೆ. ಅದು ಬಿಸಿಗೂಡಿನಲ್ಲಿ ಬೇಯಿಸಿ ಗಟ್ಟಿ ಮಾಡಬೇಕಾದ ಬಣ್ಣ. ನಾನು ಮಾನಸಗಂಗೋತ್ರಿಯಲ್ಲಿ ರಸಾಯನಶಾಸ್ತ್ರ ಓದಿದವಳು. ಮೊದಲೇ ಓದಬೇಕಿತ್ತು. ಮೈಸೂರಿನ ವರ್ಕ್‌ಶಾಪಿಗೆ ಫೋನ್ ಮಾಡಿದರೆ ಮುಂದಿನ ವಾರ ಬನ್ನಿ ಎಂದರು.

"ಎಷ್ಟು ಬಿಸಿ ಬೇಕವ್ವ?" ಎಂದರು ಮಾವ.

"ಅರವತ್ತು ಡಿಗ್ರಿ, ಮಾವ. ಅರ್ಧ ಗಂಟೆ."

ಅವರು ಹಿಂದೆ ತಿರುಗಿ ನೋಡಿದರು. ಅಲ್ಲಿ ನಮ್ಮ ಬ್ಯಾರನ್ನು ನಿಂತಿತ್ತು. ಎತ್ತರದ ಗೋಡೆ, ಹೆಂಚಿನ ಮಾಡು, ಹೊರಗೆ ಸೌದೆಯ ಒಲೆ, ಒಳಗೆ ನೆಲದುದ್ದಕ್ಕೂ ಬಿಸಿ ಹಾಯುವ ತಗಡಿನ ಕೊಳವೆ. ಹಸಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ, ಅಟ್ಟಣೆಯ ಮೇಲೆ ಅಟ್ಟಣೆಯಾಗಿ ತೂಗುಹಾಕಿ, ಬಂಗಾರದ ಬಣ್ಣಕ್ಕೆ ಬೇಯಿಸುವ ಜಾಗ.

"ಅಯ್ಯೋ ಅಪ್ಪೋ, ಬ್ಯಾಡ" ಎಂದಳು ಸುಧಾ, ಆಗಲೇ ಬಾಗಿಲಿನ ಒಂದು ತುದಿ ಎತ್ತುತ್ತಾ.

ಗುರುವಾರ ಬೆಳಿಗ್ಗೆ ಎಲ್ಲವನ್ನೂ ತಂತಿ ಕಟ್ಟಿ ಗಳುಗಳಿಗೆ ತೂಗುಹಾಕಿದೆವು. ಬಾಗಿಲುಗಳು ಮೇಲೆ, ಬಾನೆಟ್ಟು ನಡುವೆ. ಸೊಪ್ಪಿನ ಜಾಗದಲ್ಲಿ ಕಾರು ನೇತಾಡುತ್ತಿತ್ತು. ಮಾವ ವಿಭೂತಿ ಹಚ್ಚಿಕೊಂಡು ಬಂದು, ಕರ್ಪೂರ ಬೆಳಗಿ, ಪ್ರತಿ ವರ್ಷದ ಮೊದಲ ಬೇಯಿಸುವಿಕೆಗೆ ಮಾಡುವಂತೆಯೇ ಒಲೆಗೆ ಬೆಂಕಿ ಕೊಟ್ಟರು.

"ಅರ್ಧ ಗಂಟೆ, ಮಾವ" ಎಂದು ಮತ್ತೆ ಹೇಳಿ, ನಾನೂ ಸುಧಾಳೂ ಹೊಸ ಬ್ಯಾಟರಿ, ಬಾಗಿಲಿನ ರಬ್ಬರು ತರಲು ಹುಣಸೂರಿಗೆ ಹೋದೆವು. ಆ ಹಳೆಯ ಅಳತೆಯ ರಬ್ಬರು ಎಲ್ಲೂ ಸಿಗಲಿಲ್ಲ. ಕೊನೆಗೆ ಟ್ರಾಕ್ಟರ್ ಅಂಗಡಿಯಲ್ಲಿ ಸಿಕ್ಕಿದ್ದನ್ನು ತಂದೆವು. ವಾಪಸು ಬರುವಾಗ ಮಧ್ಯಾಹ್ನ ಕಳೆದಿತ್ತು. ಬ್ಯಾರನ್ನಿನ ಬಾಗಿಲು ಮುಚ್ಚಿಯೇ ಇತ್ತು. ಮಾವ ಒಲೆಗೆ ಇನ್ನೊಂದು ಕೊರಡು ನೂಕುತ್ತಿದ್ದರು.

"ಮಾವ! ಇನ್ನೂ ತೆಗೆದಿಲ್ವಾ?"

"ಆಕಿದ ಬೆಂಕಿ ಅರ್ಧಕ್ಕೆ ಆರಿಸೋದುಂಟಾ ಕಣವ್ವ? ಸೊಪ್ಪು ಕೆಟ್ಟೋಯ್ತದೆ."

"ಒಳಗಿರೋದು ಸೊಪ್ಪಲ್ಲ."

"ಅದು ನಂಗೂ ಗೊತ್ತು. ಈಗ ತೆಗುದ್ರೆ ತಣ್ಣನೆ ಗಾಳಿ ಒಡ್ದು ಕಪ್ಪಾಯ್ತದೆ. ದಂಟು ಒಣಗೋಗಂಟ ಇರ್ಲಿ."

"ಬಾಗ್ಲಿಗೆಲ್ಲಿದ್ದದಪ್ಪ ದಂಟು?" ಎಂದಳು ಸುಧಾ.

ಮಾವ ಇನ್ನೊಂದು ಕೊರಡು ನೂಕಿದರು. ಹುಡುಗನಾಗಿದ್ದಾಗಿನಿಂದ ಒಮ್ಮೆಯೂ ಅವರು ಒಲೆಯನ್ನು ನಡುವೆ ಬಿಟ್ಟೆದ್ದವರಲ್ಲ. ಕೈ ಕೇಳಲಿಲ್ಲ, ಅಷ್ಟೆ.

ಶನಿವಾರ ಬೆಳಿಗ್ಗೆ ಅವರೇ ಹದ ನೋಡಿ ಬ್ಯಾರನ್ನು ತೆರೆದರು. ಮೊದಲು ವಾಸನೆ ಬಂತು. ಎಷ್ಟೋ ವರ್ಷಗಳ ಹೊಗೆಸೊಪ್ಪಿನ ಘಾಟು ಗೋಡೆಯಿಂದ ಬಿಟ್ಟುಕೊಂಡು ಹೊರಗೆ ನುಗ್ಗಿತು. ಆಮೇಲೆ ಬಿಸಿಲು ಒಳಗೆ ಬಿತ್ತು.

ಕೆನೆ ಬಣ್ಣ ಎಲ್ಲೂ ಇರಲಿಲ್ಲ. ಮೇಲಿನ ಅಟ್ಟಣೆಯಲ್ಲಿ ಬಾಗಿಲುಗಳೆಲ್ಲ ಬಂಗಾರದ ಬಣ್ಣಕ್ಕೆ ತಿರುಗಿ ತೂಗುತ್ತಿದ್ದವು. ಬಾನೆಟ್ಟು ಒಂದು ಕಡೆ ನಿಂಬೆಹಣ್ಣು, ಇನ್ನೊಂದು ಕಡೆ ಜೇನುತುಪ್ಪ. ಡಿಕ್ಕಿಯ ಮುಚ್ಚಳ ಕೊಳವೆಗೆ ಹತ್ತಿರವಿದ್ದದ್ದು ಬೆಲ್ಲದ ಪಾಕದಂತಾಗಿತ್ತು.

ಮಾವ ಮೆಲ್ಲಗೆ ಒಳಗೆ ಹೋಗಿ ಗಳು ಹತ್ತಿ, ಅಭ್ಯಾಸ ಬಲದಿಂದ, ಬಾಗಿಲಿನ ಅಂಚನ್ನು ಎರಡು ಬೆರಳಿನಲ್ಲಿ ಹಿಡಿದು ತಿಕ್ಕಿ, ಮೂಗಿಗೆ ಹಿಡಿದರು.

"ಬ್ರೈಟ್" ಎಂದರು. ಹರಾಜು ಕಟ್ಟೆಯಲ್ಲಿ ಮೊದಲ ದರ್ಜೆಯ ಸೊಪ್ಪಿಗೆ ಹೇಳುವ ಮಾತು.

ಬಾಗಿಲಿನ ಚೌಕಟ್ಟು ಹಿಡಿದು ನಾನು ಕೂತುಬಿಟ್ಟೆ. ಅತ್ತಿಗೆ ಅಳುತ್ತಿದ್ದಾಳೆಂದು ಸುಧಾ ಓಡಿ ಬಂದಳು. ನಾನು ನಗುತ್ತಿದ್ದೆ. ನಿಲ್ಲಿಸಲು ಆಗುತ್ತಿರಲಿಲ್ಲ. ಅವಳೂ ಕೂತಳು. ಮಾವ ನಮ್ಮಿಬ್ಬರನ್ನೂ ನೋಡಿ, "ಡಿಕ್ಕಿ ಮಾತ್ರ ಲೋ ಗ್ರೇಡು, ಒಪ್ಕೋತೀನಿ" ಎಂದರು. ಅದಕ್ಕೆ ಇನ್ನೊಂದು ಸುತ್ತು ನಕ್ಕೆವು.

ಸುದ್ದಿ ಕೇಳಿ ಅಕ್ಕಪಕ್ಕದವರು ಬಂದರು. ಎಲ್ಲರೂ ಸೊಪ್ಪು ಬೆಳೆಯುವವರೇ. ಒಬ್ಬರು ಹಿಂದಿನ ಬಾಗಿಲನ್ನು ಮೀಡಿಯಂ ಎಂದರು, ಮಾವ ಒಪ್ಪಲಿಲ್ಲ. ಸಂಜೆಯವರೆಗೂ ನಮ್ಮ ಕಾರನ್ನು ತುಂಡು ತುಂಡಾಗಿ ದರ್ಜೆಗೆ ಹಾಕುತ್ತಾ ಜಗಳವಾಡಿದರು. ನಾವು ಅವರ ಕೈಯಿಂದಲೇ ಕಿತ್ತುಕೊಂಡು ಒಂದೊಂದನ್ನೂ ಜೋಡಿಸಿದೆವು.

ಭಾನುವಾರ ಹುಣಸೂರಿನ ಮೈದಾನದಲ್ಲಿ ಕಾರುಗಳು ಸಾಲಾಗಿ ನಿಂತಿದ್ದವು. ಹೊಳೆಯುವ ಕಪ್ಪು, ಹೊಳೆಯುವ ಮರೂನು. ನಮ್ಮದು ಕೆನೆಬಣ್ಣದ ಮೈಗೆ ಹೊಗೆಸೊಪ್ಪಿನ ಬಾಗಿಲು. ಪರೀಕ್ಷಿಸುವವರು ಕಿರಣ್‌ಕುಮಾರ್, ಮೈಸೂರಿನವರು. ಬಿಳಿ ಟೋಪಿ, ಕೈಯಲ್ಲಿ ಭೂತಗನ್ನಡಿ.

"ಸಿದ್ದಾರ್ಥ ಎಲ್ಲಿ?" ಎಂದರು. ಸಂದೇಶ ಕಳಿಸಿದವರು ಅವರೇ.

ಮಾವ ಹೇಳಿದರು: "ಅವ್ನು ಇಲ್ಲ ಕಣ್ರೀ. ಎರಡು ವರ್ಷ ಆಯ್ತು. ಸೊಸೆ ಓಡಿಸ್ತಾಳೆ."

ಅವರು ಟೋಪಿ ತೆಗೆದರು. ಮತ್ತೆ ಹಾಕಿಕೊಂಡು, ಕಾರನ್ನು ಒಂದು ಸುತ್ತು ಬಂದರು. ಬಾಗಿಲಿಗೆ ಬಗ್ಗಿ ಮೂಸಿದರು. ಸೀನಿದರು.

"ಎಂಜಿನ್ ಚೆನ್ನಾಗಿ ಮಾಡಿದ್ದಾರೆ. ಆದರೆ ಮೇಡಂ, ಈ ಬಣ್ಣ ಕಂಪನಿಯದ್ದಲ್ಲ. ಕಂಪನಿ ಬಣ್ಣ ಇಲ್ಲದ ಗಾಡಿ ಸೇರಿಸೋ ಹಾಗಿಲ್ಲ. ನಿಯಮ."

"ಕಂಪನಿಯೋರು ಬಣ್ಣ ಎಂಗೆ ಗಟ್ಟಿ ಮಾಡ್ತಿದ್ರು ಸ್ವಾಮಿ? ಬೆಂಕೀಲೇ ತಾನೆ?" ಎಂದರು ಮಾವ. "ನಾವೂ ಬೆಂಕೀಲೇ ಮಾಡಿರೋದು. ಉಗುರಲ್ಲಿ ಕೆರೀರಿ ನೋಡಣ."

ಅವರು ಕೆರೆದರು. ಗೀರು ಬೀಳಲಿಲ್ಲ. "ಗಟ್ಟಿ ಇದೆ ಯಜಮಾನ್ರೆ. ಆದರೂ..." ಎನ್ನುತ್ತಾ ಹಿಂದಿನ ಬಾಗಿಲು ತೆರೆದರು. ಕೆಂಪಿ ಕುತ್ತಿಗೆ ಚಾಚಿ ಅವರನ್ನು ನೋಡಿತು. ಅವರು ಭೂತಗನ್ನಡಿ ಕೆಳಗೆ ಹಾಕಿಬಿಟ್ಟರು.

"ಇದೇನಿದು?"

"ಸೀಟೂ ಒರಿಜಿನಲ್ಲೇ ಸಾರ್, ಕೋಳೀನೂ ಒರಿಜಿನಲ್ಲೇ" ಎಂದಳು ಸುಧಾ. "ಗಾಡಿ ಜೊತೇಲೇ ಬಂದದ್ದು."

ಸುತ್ತ ಜನ ಸೇರಿದ್ದರು. ಕೆಲವರು ಬಾಗಿಲು ಮೂಸುತ್ತಿದ್ದರು. ಯಾರೋ ಮೈಸೂರಿನವರು ಸಿಗಾರಿನ ಪೆಟ್ಟಿಗೆ ಇದ್ದ ಹಾಗಿದೆ ಎಂದರು. ನಾನು ಸಾಲಿನ ಮೊದಲ ಕಾರನ್ನು ನೋಡುತ್ತಿದ್ದೆ. ನೀಲಿ ಹೆರಾಲ್ಡ್. ಬಿಸಿಲಿಗೆ ಅದರ ಬಣ್ಣದೊಳಗೆ ಬೆಳ್ಳಿಯ ಪುಡಿ ಮಿನುಗುತ್ತಿತ್ತು.

"ಆ ಕಾರು ಯಾರದ್ದು ಸಾರ್?" ಎಂದು ಕೇಳಿದೆ.

"ನಂದೇ."

"ಆ ಕಾಲದಲ್ಲಿ ಮಿನುಗೋ ಬಣ್ಣ ಇತ್ತಾ?"

ಅವರು ತಿರುಗಿ ತಮ್ಮ ಕಾರನ್ನು ನೋಡಿದರು. ಆಮೇಲೆ ನಮ್ಮದನ್ನು. ಕಿವಿ ಕೆಂಪಾಯಿತು. ಸುತ್ತ ನಿಂತವರಲ್ಲಿ ಯಾರೋ ಕಿಸಕ್ಕೆಂದರು. ಮಾವ ನಗಲಿಲ್ಲ, ಅವರ ಹತ್ತಿರ ಹೋಗಿ ಸಮಾಧಾನದ ದನಿಯಲ್ಲಿ, "ನಿಮ್ಮದೂ ಬ್ರೈಟೇ ಬುಡಿ" ಎಂದರು.

ಆಗ ಕಿರಣ್‌ಕುಮಾರ್ ಕೂಡ ನಕ್ಕುಬಿಟ್ಟರು. "ಬಹುಮಾನಕ್ಕೆ ನಿಲ್ಲಿಸಲ್ಲ, ಮೇಡಂ. ಅದು ಮಾತ್ರ ಆಗಲ್ಲ. ಓಡಿಸಿ. ಕೊನೇಲಿ ಬನ್ನಿ."

"ಬಹುಮಾನ ಬೇಡ" ಎಂದೆ.

ಗುಂಡಿ ಒತ್ತಿದೆ. ಎಂಜಿನ್ನು ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಹಾಡತೊಡಗಿತು. ಸ್ಟೇರಿಂಗ್ ಪಕ್ಕದ ಗೇರನ್ನು ಎಳೆದಾಗ ಕಾರು ಒಮ್ಮೆ ಜಿಗಿಯಿತು, ಹಿಂದೆ ಕೂತಿದ್ದ ಮಾವನ ಮಡಿಲಿಗೆ ಕೆಂಪಿ ಜಿಗಿಯಿತು. ಸಾಲಿನ ಕೊನೆಯವರಾಗಿ ನಾವು ಕೋಟೆ ರಸ್ತೆ ಹಿಡಿದೆವು. ರಸ್ತೆಯ ಬದಿಯ ಹೊಲದವರು ಕೈಬೀಸಿದರು. ಸುಧಾ ರಾಣಿಯ ಹಾಗೆ ಕೈಬೀಸಿದಳು.

ಕೋಟೆ ಸಮೀಪಿಸುವಾಗ ಬಿಸಿಲೇರಿತು. ಬಾಗಿಲುಗಳು ಕಾದವು. ಘಾಟು ಮೆಲ್ಲಗೆ ಬಿಟ್ಟುಕೊಳ್ಳತೊಡಗಿತು. ಮೊದಲು ಸುಧಾ ಸೀನಿದಳು, ಆಮೇಲೆ ಮಾವ, ಆಮೇಲೆ ನಾನು. ಆಮೇಲೆ ಕೆಂಪಿ ಕೂಡ ಏನೋ ಒಂದು ಮಾಡಿತು.

"ಕೋಳಿ ಸೀನ್ತದಾ ಅಪ್ಪೋ?"

"ಈ ಗಾಡೀಲಿ ಕೂತ್ರೆ ಸೀನ್ತದೆ ಕಣ್ಲೇ!"

ಮತ್ತೆ ಸೀನಿದೆವು, ಮತ್ತೆ ನಕ್ಕೆವು. ಮಾವ ಸೀನುತ್ತಲೇ, "ಅವ್ನಿದ್ದಿದ್ರೆ ನಂಗೆ ಎಂಗೆ ಬೈತಿದ್ದ ಗೊತ್ತಾ!" ಎಂದರು. ಎಷ್ಟು ಬೈಯುತ್ತಿದ್ದ, ಯಾವ ಮಾತಿನಲ್ಲಿ ಬೈಯುತ್ತಿದ್ದ ಎಂದು ಸುಧಾ ಅವನ ದನಿಯಲ್ಲೇ ಅಭಿನಯಿಸಿದಳು. ಕೆನೆ ಬಣ್ಣ ಕಣಪ್ಪ ಅದು, ಕೆನೆ ಬಣ್ಣ! ಥೇಟ್ ಅವನೇ. ನನ್ನ ಕಣ್ಣಲ್ಲಿ ನೀರು ತುಂಬಿ ರಸ್ತೆ ಮಸುಕಾಯಿತು.

"ನಿಲ್ಲಿಸ್ತೀಯಾ ಅತ್ತಿಗೆ?"

"ಬೇಡ" ಎಂದೆ. ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಗೇರು ಬದಲಾಯಿಸಿದೆ. ಮುಂದೆ ಸರಗೂರಿನ ಕಡೆಗೆ ರಸ್ತೆ ಇಳಿಜಾರಾಗಿತ್ತು.