ತೋಟದೊಳಗಿನ ಊರು

ಊರಿಗೆ ಊರೇ ಎದ್ದುಹೋಗಿ ತೋಟದಲ್ಲಿ ಕೂತಿದೆ ಅಂದರೆ ಯಾರಾದರೂ ನಂಬುತ್ತಾರಾ? ಮರಳೂರಿನ ಬಾಡಿಗೆ ಆಫೀಸಿನಲ್ಲಿ ಪಲ್ಲವಿಯ ಲ್ಯಾಪ್‌ಟಾಪು ಮಾತ್ರ ಹಾಗೇ ಹಟ ಹಿಡಿದಿತ್ತು. ಚೇಳೂರು ಕಡೆಯ ಕಲ್ಲುಪಾಳ್ಯದ ಮನೆಗಳೆಲ್ಲ ಕೆಂಪು ಚುಕ್ಕಿಗಳಾಗಿ ತೆಂಗಿನ ತೋಟಗಳಲ್ಲಿ ಚೆಲ್ಲಾಡಿದ್ದವು. ಸ್ಯಾಟಲೈಟ್ ಚಿತ್ರದಲ್ಲಿ ಊರಿನ ಬೀದಿ, ಹೆಂಚು ಎಲ್ಲ ಢಾಳಾಗಿ ಕಾಣುತ್ತಿದ್ದರೂ ಅಲ್ಲಿದ್ದದ್ದು ಒಂದೇ ಒಂದು ಚುಕ್ಕಿ.

ಮನೆಮನೆ ಸರ್ವೆಯಿಂದ ಅವಳು ಮಾಡುತ್ತಿದ್ದ ಈ ಆನ್‌ಲೈನ್ ಮ್ಯಾಪ್ ನೋಡಿಕೊಂಡೇ ನರ್ಸಮ್ಮನ ವ್ಯಾನು ಹಾಸಿಗೆ ಹಿಡಿದವರ ಬಾಗಿಲಿಗೆ ಹೋಗಬೇಕಿತ್ತು. ಚುಕ್ಕಿ ಇಲ್ಲದ ಮನೆಗೆ ವ್ಯಾನೂ ಇಲ್ಲ. ಪಲ್ಲವಿ ಅಕ್ಷಾಂಶ ರೇಖಾಂಶ ಅದಲುಬದಲು ಮಾಡಿ ನೋಡಿದಳು, ಫೈಲು ಮತ್ತೆ ಹಾಕಿದಳು, ಊಹೂಂ. ಕೊನೆಗೆ ಸರ್ವೆ ಮಾಡಿದ್ದ ಚನ್ನೇಶನಿಗೆ ಫೋನ್ ಮಾಡಿದಳು. ಅವನು ಆಗಲೇ ಕುಣಿಗಲ್ಲಿನಲ್ಲಿ ಬೇರೆ ಸರ್ವೆಯಲ್ಲಿದ್ದ.

"ನೀವು ಹೇಳ್ದಂಗೇ ಮಾಡಿದೀನಿ ಮೇಡಂ. ಅಣ್ತಮ್ಮಂದಿರು ಒಂದೇ ಮನೇಲಿದ್ರೂ ಒಲೆ ಬೇರೆ ಆದ್ರೆ ಸಂಸಾರ ಬೇರೆ, ಒಲೆ ಹತ್ರ ನಿಂತು ಮೊಬೈಲಲ್ಲಿ ಜಾಗದ ಬಟನ್ ಒತ್ತು ಅಂದಿದ್ರಿ. ಒಂದೊಂದು ಒಲೆ ಹತ್ರಾನೂ ನಿಂತು ಒತ್ತಿದೀನಿ."

"ತೋಟದಲ್ಲಿ ಒಲೆ ಎಲ್ಲಿಂದ ಬಂತು ಮಾರಾಯ?"

"ಅದು ನಂಗೇನ್ ಗೊತ್ತು? ಇತ್ತು, ಒತ್ತಿದೆ. ಊಟಾನೂ ಹಾಕಿದ್ರು."

ಪಲ್ಲವಿಯ ತಲೆ ಪೂರ್ತಿ ಕೆಟ್ಟು ಹೋಯಿತು. ಇನ್ನು ಇಲ್ಲಿ ಕೂತು ಪ್ರಯೋಜನವಿಲ್ಲ ಅಂತ ಸ್ಕೂಟಿ ತೆಗೆದು, ಗುಬ್ಬಿ ದಾಟಿ, ಸಂಜೆ ಹಾಲು ಹಾಕುವ ಹೊತ್ತಿಗೆ ಕಲ್ಲುಪಾಳ್ಯದ ಡೈರಿ ಮುಂದೆ ಇಳಿದಳು. ಕ್ಯಾನು ಹಿಡಿದು ನಿಂತವರೆಲ್ಲ ಲ್ಯಾಪ್‌ಟಾಪಿಗೆ ಮುತ್ತಿಕೊಂಡರು. ಊರಮ್ಮ ಕೊಲ್ಲಾಪುರಮ್ಮನ ಪೂಜೆ ಮಾಡುವ ಚಿಕ್ಕಬೋರಯ್ಯ ಕಣ್ಣು ಕಿರಿದು ಮಾಡಿ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕ.

"ನಿಮ್ಮ ಹುಡುಗ ಹೊರಬೀಡಿನ ದಿನ ಬಂದವ್ನೆ ಕಣವ್ವ. ಅವತ್ತು ಊರು ಕೊಲ್ಲಾಪುರಮ್ಮಂದು. ಒಂದು ನರಪಿಳ್ಳೆ ಊರೊಳಗೆ ಇರಂಗಿಲ್ಲ, ಒಲೆ ಹಚ್ಚಂಗಿಲ್ಲ. ಬೆಳಗ್ಗೆ ಬೀಗ ಹಾಕ್ಕೊಂಡು ತೋಟಕ್ಕೆ ಹೋಗಿ, ಅಲ್ಲೇ ಬೇಯಿಸ್ಕೊಂಡು ಉಂಡು, ಹೊತ್ತು ಮುಳುಗಿದ ಮೇಲೇ ಬರದು."

ಸದ್ಯ, ಬದುಕಿದೆ ಅಂದುಕೊಂಡಳು ಪಲ್ಲವಿ. ಅವಳೂ ಎಲ್ಲರ ಜೊತೆ ನಗುತ್ತಿರುವಾಗಲೇ ಚಿಕ್ಕಬೋರಯ್ಯನ ಬೆರಳು ಊರ ನಡುವಿನ ಚುಕ್ಕಿಯ ಮೇಲೆ ನಿಂತಿತು.

"ಹಂಗಾದ್ರೆ ಇದ್ಯಾರ ಒಲೆ?"

ನಗು ಅಲ್ಲಿಗೇ ನಿಂತಿತು. ಚುಕ್ಕಿ ಒತ್ತಿದರೆ ಹೆಸರು ಬರುತ್ತದೆ ಅಂತ ಪಲ್ಲವಿಗೆ ಗೊತ್ತು. ಪುಣ್ಯಕ್ಕೆ ಬೇರೆ ಯಾರಿಗೂ ಗೊತ್ತಿಲ್ಲ. ಒತ್ತಿದರೆ ಯಾರೋ ಪಾಪದವರು ಸಿಕ್ಕಿಬೀಳುತ್ತಾರೆ. ಹೇಳುವುದೋ ಬಿಡುವುದೋ ತಿಳಿಯದೆ ಬಾಯಿಗೆ ಬಂದದ್ದು ಹೇಳಿದಳು.

"ಮೊಬೈಲು ತಪ್ಪು ತೋರ್ಸಿರುತ್ತೆ ಯಜಮಾನ್ರೇ. ಇದೊಂದನ್ನ ಅಳಿಸಿಬಿಡ್ತೀನಿ."

"ಅಳಿಸ್ಬ್ಯಾಡ ಕಣವ್ವ."

ಹಿಂದಿನಿಂದ ಒಬ್ಬ ಹೆಂಗಸು ಕ್ಯಾನು ಕೆಳಗಿಟ್ಟು ಮುಂದೆ ಬಂದಳು. ಅವಳು ಹನುಮಂತಮ್ಮ, ಚುಕ್ಕಿಯ ಒಳಗಿದ್ದ ಹೆಸರೂ ಅದೇ.

"ಅದು ನಮ್ಮನೆ. ನೀನು ಅಳಿಸಿ, ನರ್ಸಮ್ಮ ಬರ್ದೇ ಹೋದ್ರೆ ನಮ್ಮ ಯಜಮಾನ್ರ ಬೆನ್ನಿನ ಹುಣ್ಣು ಯಾರು ತೊಳೀತಾರೆ?" ಆಮೇಲೆ ಚಿಕ್ಕಬೋರಯ್ಯನ ಕಡೆ ತಿರುಗಿದಳು. "ಹೂಂ, ಗಂಜಿ ಕಾಯಿಸಕ್ಕೆ ಒಲೆ ಹಚ್ಚಿದ್ದೆ. ಅವತ್ತು ಬೆಳಗ್ಗೆ ಇವರ ಮಂಚ ಎತ್ತಿ ತೋಟಕ್ಕೆ ಸಾಗಿಸಕ್ಕೆ ಬನ್ನಿ ಅಂತ ನಿಮ್ಮ ಬಾಗ್ಲಿಗೂ ಬಂದಿದ್ದೆ, ಇವರೆಲ್ಲರ ಬಾಗ್ಲಿಗೂ ಹೋಗಿದ್ದೆ. ಬತ್ತೀವಿ ನಡಿ ಅಂದ್ರಿ. ಯಾರು ಬಂದ್ರಿ?"

ಒಬ್ಬ ಕ್ಯಾನಿನ ಮುಚ್ಚಳ ತೆಗೆದು ಮತ್ತೆ ಹಾಕಿದ. ಅಳಿಸಲು ಡಿಲೀಟ್ ಕೀ ಮೇಲಿಟ್ಟಿದ್ದ ಬೆರಳು ತೆಗೆಯಬೇಕೋ ಬೇಡವೋ ಅನ್ನುವುದೂ ಪಲ್ಲವಿಗೆ ಗೊತ್ತಾಗಲಿಲ್ಲ. ಚಿಕ್ಕಬೋರಯ್ಯ ಹೆಗಲ ಟವೆಲ್ ತೆಗೆದು ಮುಖ ಒರೆಸಿಕೊಂಡ.

"ಅವ್ಳ ಮನೆ ಎಲ್ಲೈತೋ ಅಲ್ಲೇ ಇರ್ಲಿ ಕಣವ್ವ" ಅಂದ, ಹನುಮಂತಮ್ಮನ ಮುಖ ನೋಡದೆ. "ನಮ್ಮನ್ನ ಊರಿಗೆ ಕರ್ಕೊಂಡು ಬಾ."